ಸಿ-60 ಸಂಹಿತೆ: ಪಾಠಾಂತರ, ಪ್ರಕ್ಷೇಪ ಮತ್ತು ಲೋಪ

ಓಲೆಗರಿಯ ಕಾವ್ಯಗಳನ್ನು ಹೇಗೆ ಪರಿಷ್ಕರಿಸಬೇಕೆಂದು ಡಿ.ಎಲ್. ನರಸಿಂಹಾಚಾರ್ಯರು ಇಡೀ ಗ್ರಂಥವನ್ನೇ ಬರೆದಿಟ್ಟು ಹೋಗಿದ್ದಾರೆ. ಕ್ಯಾಸೆಟ್ಟಿನ ಹಾಡುಗಳಿಗೆ ಆ ಭಾಗ್ಯ ಒದಗಿಲ್ಲ. ಎಂಬತ್ತರ ದಶಕದಲ್ಲಿ ಮೀಸೆ ಚಿಗುರಿದವರ ಪಾಪ್, ರಾಕ್, ಡಿಸ್ಕೊ ಭಂಡಾರವೆಲ್ಲ ಅಟ್ಟದ ಮೇಲಿನ ಶೂ ಡಬ್ಬಿಗಳಲ್ಲಿ ಬೂಷ್ಟು ಹಿಡಿಯುತ್ತಿದ್ದರೂ ಯಾವ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವೂ ಇತ್ತ ಏಣಿ ಹಾಕಿಲ್ಲ. ಪ್ರಸ್ತುತ ಸಂಪಾದಕನು ತನ್ನ ಮತ್ತು ತನ್ನ ಭಾವಮೈದುನನ ಅಟ್ಟಗಳಲ್ಲಿ ಕ್ಷೇತ್ರಕಾರ್ಯ ನಡೆಸಿ ಈ ಪ್ರಬಂಧವನ್ನು ಸಿದ್ಧಪಡಿಸಿದ್ದಾನೆ. ಅನುದಾನ ಬಂದಿಲ್ಲ, ಸೀನು ಬಂದಿದೆ.

ಮೊದಲು ಲೇಖನಸಾಮಗ್ರಿಯ ವಿಚಾರ. ಫಿಲಿಪ್ಸ್ ಕಂಪನಿ 1963ರಲ್ಲಿ ಲೋಕಕ್ಕೆ ತೋರಿಸಿದ ಈ ಸುರುಳಿಯ ಪಟ್ಟಿ ನಾಲ್ಕು ಮಿಲಿಮೀಟರಿಗಿಂತ ಕಿರಿದು. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕೆಂಬುದು ಶಾಸ್ತ್ರ. ಲೋಕರೂಢಿ ಬೇರೆ. ಟೂ-ಇನ್-ಒನ್‌ನ ಸೆಲ್ಲು ಇಳಿದಂತೆ ವೇಗವೂ ಇಳಿದು, ಮೈಕಲ್ ಜಾಕ್ಸನ್ ತಾರಸ್ಥಾಯಿಯಿಂದ ಮಂದ್ರಕ್ಕೆ ಜಾರುತ್ತಿದ್ದ. ಆತ ಗಡಸು ಕಂಠದ, ನಿಧಾನ ಲಯದ ಗಾಯಕನೆಂದು ವಾದಿಸುವ ಹಾಸ್ಟೆಲ್ ಪಂಥವೊಂದು ಇಂದಿಗೂ ಜೀವಂತವಾಗಿದೆ. ಅವರಿಗೆ ಹೊಸ ಸೆಲ್ಲು ಕೊಂಡುಕೊಡುವವರು ಅಂದೂ ಇರಲಿಲ್ಲ. ಬ್ರಯಾನ್ ಆಡಮ್ಸ್ ವಿಷಯದಲ್ಲಂತೂ ಮತಭೇದ ತೀವ್ರ. ಆ ಗೊಗ್ಗರು ದನಿ ಕವಿಕೃತವೋ, ಹೆಡ್ಡಿನ ಮೇಲೆ ಕೂತ ಕೊಳೆಯ ಕೃತವೋ? ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ ನೋಡಲಾಗಿ ಗೊಗ್ಗರು ಹಾಗೆಯೇ ಉಳಿದದ್ದರಿಂದ ಅದನ್ನು ಕವಿಕೃತವೆಂದೇ ಒಪ್ಪಿದೆ.

ಪ್ರತಿಗಳು ಮೂರು ಬಗೆ. ಅಚ್ಚಾದ ಹೊದಿಕೆಯ ಅಸಲಿ ಕ್ಯಾಸೆಟ್ಟು 'ಕ' ಪ್ರತಿ. ಇದು ಹಾಸ್ಟೆಲ್ಲಿನಲ್ಲಿ ಒಬ್ಬ ಸಿರಿವಂತನ ಬಳಿ ಮಾತ್ರ ಇದ್ದು, ಅದರ ದರ್ಶನಕ್ಕೆ ಆತನ ಫಿಸಿಕ್ಸ್ ರೆಕಾರ್ಡ್ ಬರೆದುಕೊಡಬೇಕಿತ್ತು. ಖಾಲಿ ಕ್ಯಾಸೆಟ್ಟನ್ನೂ ಹಾಡುಗಳ ಪಟ್ಟಿಯನ್ನೂ ಅಂಗಡಿಗೆ ಕೊಟ್ಟು ತುಂಬಿಸಿಕೊಂಡದ್ದು 'ಖ' ಪ್ರತಿ. ಎರಡು ಟೇಪ್‌ರೆಕಾರ್ಡರುಗಳನ್ನು ಎದುರುಬದುರು ಕೂರಿಸಿ, ಮನೆಮಂದಿಗೆಲ್ಲ ಮೌನ ವಿಧಿಸಿ ಇಳಿಸಿಕೊಂಡದ್ದು 'ಗ' ಪ್ರತಿ. ಅತ್ಯಂತ ಅಶುದ್ಧವೂ ಅತ್ಯಂತ ಅಮೂಲ್ಯವೂ ಆದದ್ದು ಇದೇ.

ನಿದರ್ಶನಕ್ಕೆ ಅಬ್ಬಾ ತಂಡದ 'ಡ್ಯಾನ್ಸಿಂಗ್ ಕ್ವೀನ್' (1976) ನೋಡಬಹುದು. ಇದರ 'ಗ' ಪ್ರತಿಯಲ್ಲಿ ನಡುವೆ ಪ್ರೆಶರ್ ಕುಕ್ಕರಿನ ಒಂದು ಸೀಟಿಯೂ ಅದರ ಬೆನ್ನಿಗೇ "ನಲ್ಲೀಲಿ ನೀರು ಬಂತು ಕಣೋ, ಬಿಂದಿಗೆ ತಗೊಂಡ್ ಬಾ" ಎಂಬ ಸ್ತ್ರೀಕಂಠವೂ ಕೇಳಿಬರುತ್ತವೆ. ಕಂಠ ಅಗ್ನೆಥಾಳದೋ ಫ್ರೀಡಾಳದೋ ಎಂಬ ಜಿಜ್ಞಾಸೆ ಸಹಜವೇ. ಆಡುನುಡಿಯ ಆಧಾರದಿಂದ ಕರ್ತೃ ಹಳೇ ಮೈಸೂರು ಸೀಮೆಯವರೆಂದೂ, ಧಾಟಿಯ ಆಧಾರದಿಂದ ನಮ್ಮ ಸೋದರತ್ತೆಯೆಂದೂ ನಿರ್ಣಯಿಸಿದೆ. ಪ್ರಕ್ಷಿಪ್ತವನ್ನು ಅಡಿಟಿಪ್ಪಣಿಗೆ ಇಳಿಸುವುದು ಸಂಪಾದಕರ ವಾಡಿಕೆ. ಆದರೆ ಈಚೆಗೆ ಮಗಳ ಮೊಬೈಲಿನಲ್ಲಿ ಶುದ್ಧಪಾಠವನ್ನು ಕೇಳಿಸಿಕೊಂಡಾಗ, ಅತ್ತೆಯಿಲ್ಲದ ಆ ಜಾಗ ಬೋಳುಬೋಳಾಗಿ, ಛಂದಸ್ಸೇ ಕೆಟ್ಟಂತಿತ್ತು. ಆದ್ದರಿಂದ ನೀರನ್ನೂ ಬಿಂದಿಗೆಯನ್ನೂ ಮೂಲದಲ್ಲಿಯೇ ಉಳಿಸಿಕೊಂಡಿದೆ.

ಪ್ರಯೋಗಪರಂಪರೆಯ ಬಗ್ಗೆ ಎರಡು ಮಾತು. ಕಾಲೇಜ್ ಡೇಯಲ್ಲಿ ಬೋನಿ ಎಂ ತಂಡದ 'ರಾಸ್‌ಪುಟಿನ್' (1978) ಹಾಕಿ, ಮೈಕಿನ ಮುಂದೆ ಬರೀ ತುಟಿಯಾಡಿಸಿ ಕುಣಿದವರನ್ನು ಅಂದಿನ ಅಧ್ಯಾಪಕರು ಕಳ್ಳರೆಂದು ಜರೆದರು. ಇದು ಅನ್ಯಾಯ. ಆ ತಂಡದಲ್ಲಿ ಕುಣಿಯುತ್ತಿದ್ದ ಬಾಬಿ ಫ್ಯಾರೆಲ್ ಕೂಡ ತುಟಿಯನ್ನೇ ಆಡಿಸುತ್ತಿದ್ದದ್ದು. ಸ್ಟುಡಿಯೋದಲ್ಲಿ ಗಂಡುದನಿ ಕೊಟ್ಟವನು ನಿರ್ಮಾಪಕ ಫ್ರಾಂಕ್ ಫ್ಯಾರಿಯನ್. ಅಂದಮೇಲೆ ನಮ್ಮ ಹುಡುಗರದು ಕಳ್ಳತನವಲ್ಲ, ಸಂಪ್ರದಾಯನಿಷ್ಠೆ. ಅದೇ ಫ್ಯಾರಿಯನ್ ಮುಂದೆ ಮಿಲಿ ವನಿಲಿ ಜೋಡಿಯನ್ನೂ ಹೀಗೆಯೇ ಕುಣಿಸಿದ. 1990ರಲ್ಲಿ ಅವರಿಗೆ ಸಂದ ಗ್ರ್ಯಾಮಿ ಪ್ರಶಸ್ತಿ ಅದೇ ವರ್ಷ ವಾಪಸಾಯಿತು. ನಮ್ಮವರಿಗೆ ಸಂದ ಸ್ಟೀಲ್ ಲೋಟವನ್ನು ಯಾರೂ ಹಿಂಪಡೆದಿಲ್ಲ.

ಇನ್ನು 1983ರಲ್ಲಿ ಅಮೆರಿಕದ ಟೀವಿಯಲ್ಲಿ ಜಾಕ್ಸನ್ ಮಾಡಿ ತೋರಿಸಿದ ಹಿನ್ನಡಿಗೆ. ಪ್ರಭುದೇವ ಮೈಸೂರಿನಲ್ಲಿ ಹುಟ್ಟಿದವರಾದ್ದರಿಂದ ಈ ವಿದ್ಯೆ ಮೈಸೂರಿನ ನೀರಿನಲ್ಲೇ ಇದೆಯೆಂದು ಕೆಲವರ ಮತ. ನಮ್ಮ ಹಾಸ್ಟೆಲ್ಲಿನವರೂ ಅದೇ ನೀರು ಕುಡಿದವರು. ಅಷ್ಟೂ ಮಂದಿ ಬಿದ್ದಿದ್ದಾರೆ.

ಕೊನೆಯದು, ಅತ್ಯಂತ ಜಟಿಲವಾದದ್ದು, ಲೋಪದ ಪ್ರಶ್ನೆ. ಸಿ-60ರ ಒಂದು ಮಗ್ಗುಲಿಗೆ 30 ನಿಮಿಷ. ನಾಲ್ಕು ನಿಮಿಷದ ಏಳು ಹಾಡು ತುಂಬಿದರೆ 28 ಆಯಿತು. ದುಡ್ಡು ತೆಗೆದುಕೊಂಡು ಖಾಲಿ ಟೇಪು ಕೊಡುವುದು ಪಾಪವೆಂದು ನಂಬಿದ್ದ ಅಂಗಡಿಯಾತ, ಮಿಕ್ಕ ಎರಡು ನಿಮಿಷಕ್ಕೆ ಪಟ್ಟಿಯ ಎಂಟನೆಯ ಹಾಡನ್ನು ಶುರುಮಾಡಿಬಿಡುತ್ತಿದ್ದ. ಆ ಎಂಟನೆಯದು ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಆಗಿರುವುದು ನಾವು ನೋಡಿದ ಎಲ್ಲ 'ಖ' ಪ್ರತಿಗಳ ಸಮಾನ ಲಕ್ಷಣ. ಪೀಠಿಕೆಯ ಗಿಟಾರೇ ಮುಕ್ಕಾಲು ನಿಮಿಷ ಮೀರುತ್ತದೆ. ಆಮೇಲೆ ಹಾಡುಗಾರ ಒಂದು ನಿಮಿಷ ಹಾಡುವುದರೊಳಗೆ 'ಟಕ್' ಎಂದು ಗುಂಡಿ ಮೇಲೇಳುತ್ತದೆ. ಆ 'ಟಕ್' ಎಲ್ಲ ಪ್ರತಿಗಳಲ್ಲೂ ಒಂದೇ ತಾಳಸ್ಥಾನದ ಆಸುಪಾಸಿನಲ್ಲಿ ಬರುವುದರಿಂದ ಅದು ಕವಿಯ ಅಂಕಿತವೇ ಸರಿ.

ಪೂರ್ವಪಕ್ಷದವರು ಮೊಬೈಲ್ ಹಿಡಿದು, ಹಾಡು ಇರುವುದು ಆರೂವರೆ ನಿಮಿಷವೆಂದೂ, ಕೊನೆಗೆ ಡಾನ್ ಫೆಲ್ಡರ್, ಜೋ ವಾಲ್ಶ್ ಎಂಬಿಬ್ಬರು ಎರಡು ನಿಮಿಷಕ್ಕೂ ಮೀರಿ ಗಿಟಾರ್ ಜುಗಲ್‌ಬಂದಿ ನಡೆಸುತ್ತಾರೆಂದೂ, ಜಗತ್ತು ಆ ಹಾಡನ್ನು ಕೊಂಡಾಡುವುದೇ ಅದಕ್ಕೆಂದೂ ವಾದಿಸುತ್ತಾರೆ. ಪರಿಶೀಲಿಸಿದೆವು. ಆ ಭಾಗ ಯಾವ 'ಖ' ಪ್ರತಿಯಲ್ಲೂ ಇಲ್ಲ, 'ಗ' ಪ್ರತಿಯಲ್ಲಂತೂ ಇರಲು ಸಾಧ್ಯವೇ ಇಲ್ಲ. ನುಡಿಸಿದವರ ಕೈ ಗಟ್ಟಿಯಿದ್ದರೂ ಶೈಲಿ ಹಾಡಿನ ಮೊದಲ ಎರಡು ನಿಮಿಷಕ್ಕೆ ಹೊಂದುವುದಿಲ್ಲ. ಯಾರೋ ಪ್ರತಿಭಾವಂತರು ಮುಂದೆ ಸೇರಿಸಿರಬೇಕು. ಪರಿಷ್ಕೃತ ಆವೃತ್ತಿಯಿಂದ ಅದನ್ನು ಕೈಬಿಡಲಾಗಿದೆ.