ಗೀಟು, ಕೊಕ್ಕೆ, ಸೊನ್ನೆ: ಶಾರ್ಟ್‌ಹ್ಯಾಂಡ್ ಬಳಕೆದಾರರ ಕೈಪಿಡಿ

ಶಾರ್ಟ್‌ಹ್ಯಾಂಡ್ ಆಯ್ದುಕೊಂಡ ನಿಮಗೆ ಅಭಿನಂದನೆಗಳು. ಈ ಸಾಧನಕ್ಕೆ ಕರೆಂಟ್ ಬೇಡ, ಚಾರ್ಜರ್ ಬೇಡ, ಪಾಸ್‌ವರ್ಡ್ ಬೇಡ. ಐಸಾಕ್ ಪಿಟ್‌ಮನ್ ಎಂಬ ಇಂಗ್ಲೆಂಡಿನ ಶಾಲಾಮಾಸ್ತರರು ಇದನ್ನು 1837ರಲ್ಲಿ ಒಂದು ಪುಟಾಣಿ ಪುಸ್ತಕವಾಗಿ ಹೊರತಂದರು. ಅಲ್ಲಿಂದ ಇಲ್ಲಿಯವರೆಗೆ ಕೋರ್ಟು, ಕಚೇರಿ, ವಿಧಾನಸಭೆಗಳಲ್ಲಿ ಇದು ರಿಪೇರಿಯಿಲ್ಲದೆ ಓಡುತ್ತಿದೆ. ಬಳಸುವ ಮುನ್ನ ಕೈಪಿಡಿಯನ್ನು ಪೂರ್ತಿ ಓದಿ. ಓದದೆ ಶುರುಮಾಡಿದವರು ಸಾಮಾನ್ಯವಾಗಿ ಮೂರನೆಯ ತಿಂಗಳಿಗೆ ಪಕ್ಕದ ಕೋಣೆಯ ಟೈಪಿಂಗ್ ಕ್ಲಾಸಿಗೆ ಜಾರಿಕೊಂಡಿರುತ್ತಾರೆ.

ಬೇಕಾಗುವ ಸಾಮಗ್ರಿ

ಎಚ್‌ಬಿ ಪೆನ್ಸಿಲು. ಎರಡೂ ತುದಿ ಹೆರೆದಿರಬೇಕು. ಒಂದು ತುದಿ ಮುರಿದರೆ ಪೆನ್ಸಿಲನ್ನು ತಿರುಗಿಸುವಷ್ಟು ಪುರುಸೊತ್ತು ಮಾತ್ರ ನಿಮಗಿರುತ್ತದೆ, ಹೆರೆಯುವಷ್ಟು ಇರುವುದಿಲ್ಲ. ಬಾಲ್‌ಪೆನ್ ಬೇಡ. ಪಿಟ್‌ಮನ್ ಪದ್ಧತಿಯಲ್ಲಿ ಗೀಟು ದಪ್ಪವೋ ತೆಳುವೋ ಎಂಬುದರ ಮೇಲೆ ಅರ್ಥ ನಿಂತಿದೆ, ಬಾಲ್‌ಪೆನ್ನಿಗೆ ಆ ಭೇದ ಗೊತ್ತಿಲ್ಲ. ಮೇಲಕ್ಕೆ ಮಗುಚುವ ಗೆರೆಯ ನೋಟ್‌ಬುಕ್ ಒಂದು, ಬರೆದು ಮುಗಿದ ಹಾಳೆಗಳನ್ನು ಹಿಡಿದಿಡಲು ರಬ್ಬರ್ ಬ್ಯಾಂಡ್ ಒಂದು. ಪುಟದ ಕೆಳಭಾಗಕ್ಕೆ ಬಂದಾಗ ಎಡಗೈಯ ಹೆಬ್ಬೆರಳಿನಿಂದ ಹಾಳೆಯನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತಾ ಬರಬೇಕು. ಕೊನೆಯ ಸಾಲು ಮುಗಿಯುವ ಹೊತ್ತಿಗೆ ಹಾಳೆ ತಾನಾಗಿ ಮಗುಚಿಕೊಳ್ಳುತ್ತದೆ. ಈ ಹೆಬ್ಬೆರಳಿನ ಕೆಲಸ ಯಾವ ಸಿಲಬಸ್ಸಿನಲ್ಲೂ ಇಲ್ಲ, ಹಳೆಯ ಸ್ಟೆನೋಗಳನ್ನು ನೋಡಿಯೇ ಕಲಿಯಬೇಕು.

ಮೊದಲ ಹಂತ: ಕಾಗುಣಿತ ಮರೆಯುವುದು

ಕಿವಿಗೆ ಬಿದ್ದದ್ದನ್ನು ಬರೆಯಿರಿ, ಪುಸ್ತಕದಲ್ಲಿ ಅಚ್ಚಾದದ್ದನ್ನಲ್ಲ. ‘ನೈಫ್’ ಪದದ ಮುಂದೆ ಇಂಗ್ಲಿಷಿನವರು ನಿಲ್ಲಿಸಿರುವ ಮೂಗ ‘ಕೆ’ಗೆ ಇಲ್ಲಿ ಜಾಗವಿಲ್ಲ. ಇದು ಇಂಗ್ಲೆಂಡಿನ ಹುಡುಗನಿಗೆ ದೊಡ್ಡ ಆಘಾತ. ಅ ಆ ಇ ಈ ಬಾಯಿಪಾಠ ಮಾಡಿ ಬೆಳೆದ ನಮ್ಮ ಹುಡುಗರಿಗೆ ಇದರಲ್ಲೇನು ವಿಶೇಷ ಎನಿಸುತ್ತದೆ. ಪಿಟ್‌ಮನ್ ತಮ್ಮ ವ್ಯಂಜನಗಳನ್ನು ಜೋಡಿಸಿದ ಕ್ರಮ ನೋಡಿದರಂತೂ ಅವರು ನಮ್ಮೂರಿನ ಕೂಲಿಮಠದಲ್ಲಿ ಒಂದೆರಡು ವರ್ಷ ಕೂತೆದ್ದವರೇ ಎಂಬ ಅನುಮಾನ ಬರಬೇಕು: ಪೀ-ಬೀ, ಟೀ-ಡೀ, ಚೇ-ಜೇ, ಕೇ-ಗೇ. ಪೀ ಎಂದರೆ ಎಡದಿಂದ ಬಲಕ್ಕೆ ಇಳಿಯುವ ಓರೆ ಗೀಟು. ಅದನ್ನೇ ಒತ್ತಿ ದಪ್ಪಗೆ ಎಳೆದರೆ ಬೀ. ನೆಟ್ಟಗೆ ಕೆಳಗಿಳಿದರೆ ಟೀ, ಒತ್ತಿದರೆ ಡೀ. ಬಲದಿಂದ ಎಡಕ್ಕೆ ಓರೆಯಾಗಿ ಇಳಿದರೆ ಚೇ, ಒತ್ತಿದರೆ ಜೇ. ಅಡ್ಡಗೀಟು ಕೇ, ಒತ್ತಿದರೆ ಗೇ. ವರ್ಗದ ಮೊದಲನೆಯ ಅಕ್ಷರ ತೆಳು, ಮೂರನೆಯದು ದಪ್ಪ. ಎರಡನೆಯದೂ ನಾಲ್ಕನೆಯದೂ ಇಂಗ್ಲಿಷಿನಲ್ಲಿ ಇಲ್ಲದ್ದರಿಂದ ಪಿಟ್‌ಮನ್ ಬಚಾವಾದರು.

ಒಂದು ತಿಂಗಳು ಇಷ್ಟೇ ಕೆಲಸ. ಪುಟಗಟ್ಟಲೆ ಓರೆಗೀಟು, ಪುಟಗಟ್ಟಲೆ ಅಡ್ಡಗೀಟು. ಮನೆಯವರು ನೋಟ್‌ಬುಕ್ ತೆರೆದು ನೋಡಿ, ದುಡ್ಡು ಕೊಟ್ಟು ಕಳಿಸಿದ್ದು ಇದಕ್ಕೋ ಎಂದು ಕೇಳುತ್ತಾರೆ. ಉತ್ತರ ಕೊಡುವ ಗೋಜಿಗೆ ಹೋಗಬೇಡಿ.

ಎರಡನೆಯ ಹಂತ: ಕತ್ತರಿಸುವುದು, ಹಿಗ್ಗಿಸುವುದು

ಪುಟ್ಟ ಸೊನ್ನೆಯೊಂದನ್ನು ಗೀಟಿಗೆ ಅಂಟಿಸಿದರೆ ‘ಸ್’ ಬಂತು. ಸೊನ್ನೆಯನ್ನು ಉದ್ದಕ್ಕೆ ಚಪ್ಪಟೆ ಮಾಡಿದರೆ ‘ಸ್ಟ್’. ಗೀಟಿನ ತುದಿಗೆ ಒಂದು ಕೊಕ್ಕೆ ಹಾಕಿದರೆ ‘ಷನ್’ ಬರುತ್ತದೆ. ಸ್ಟೇಷನ್, ಪಿಟಿಷನ್, ಪ್ರಮೋಷನ್, ಸಸ್ಪೆನ್ಷನ್ ಎಲ್ಲವೂ ಅದೇ ಕೊಕ್ಕೆಗೆ ತೂಗುಬಿದ್ದಿವೆ. ಗೀಟನ್ನು ಅರ್ಧಕ್ಕೆ ಕತ್ತರಿಸಿದರೆ ಕೊನೆಯಲ್ಲಿ ಟೀಯೋ ಡೀಯೋ ಸೇರಿಕೊಂಡಂತೆ. ಬಾಗಿದ ಗೀಟನ್ನು ದುಪ್ಪಟ್ಟು ಉದ್ದ ಎಳೆದರೆ ‘ಟರ್’, ‘ಡರ್’, ‘ದರ್’ ಸೇರಿಕೊಂಡಂತೆ. ಅಂದರೆ ಇಲ್ಲಿ ಉಳಿತಾಯವಾಗುವುದೇ ಅಳತೆಯಲ್ಲಿ, ಕೈ ಸ್ವಲ್ಪ ಉದಾರವಾದರೂ ಅರ್ಥ ಕೆಡುತ್ತದೆ.

ಒಂದು ಉದಾಹರಣೆ. ಎಮ್ಮಿನ ಕಮಾನುಗೀಟನ್ನು ದುಪ್ಪಟ್ಟು ಎಳೆಯಿರಿ. ಅದನ್ನು ಗೆರೆಯಿಂದ ತುಸು ಮೇಲೆ ತೇಲಿಸಿ ಬರೆದರೆ ‘ಮ್ಯಾಟರ್’. ಗೆರೆಗೆ ತಾಗಿಸಿ ಬರೆದರೆ ‘ಮದರ್’. ಆಕಾರ ಒಂದೇ, ನಿಂತ ಜಾಗ ಮಾತ್ರ ಬೇರೆ. ಪದದ ಮೊದಲ ಸ್ವರ ಯಾವುದೋ ಅದಕ್ಕೆ ತಕ್ಕಂತೆ ಗೀಟು ಗೆರೆಯ ಮೇಲೆ, ಗೆರೆಗೆ ತಾಗಿ ಅಥವಾ ಗೆರೆಯನ್ನು ಸೀಳಿ ನಿಲ್ಲುತ್ತದೆ. ಸ್ವರಗಳಿಗೆಂದೇ ಚುಕ್ಕೆಗಳೂ ಚಿಕ್ಕ ಗೀಟುಗಳೂ ಇವೆ, ಕಲಿಯುವಾಗ ಅವನ್ನೆಲ್ಲ ಶ್ರದ್ಧೆಯಿಂದ ಇಡಿಸುತ್ತಾರೆ. ವೇಗ ಹತ್ತಿದ ಮೇಲೆ ಇಡುವವರು ಯಾರು? ಹಾಗಾಗಿ ಸಾಹೇಬರು ಗಂಭೀರವಾಗಿ ‘ದಿಸ್ ಮ್ಯಾಟರ್ ಈಸ್ ಪೆಂಡಿಂಗ್ ಫಾರ್ ತ್ರೀ ಇಯರ್ಸ್’ ಎಂದದ್ದು ಟೈಪಾಗಿ ಬರುವಾಗ ಯಾರದೋ ತಾಯಿಯನ್ನು ಮೂರು ವರ್ಷದಿಂದ ಪೆಂಡಿಂಗ್ ಇಟ್ಟ ಹಾಗಾಗುವುದುಂಟು.

ಇನ್ನು ಗ್ರಾಮಲಾಗ್, ಅಂದರೆ ಪದೇಪದೇ ಬರುವ ಪದಗಳಿಗೆ ಗೊತ್ತುಮಾಡಿದ ಗುರುತುಗಳು. ಇಂಗ್ಲಿಷಿನ ‘ದಿ’ಗೆ ಗೆರೆಗೆ ತಾಗಿದ ಒಂದು ಚುಕ್ಕೆ ಸಾಕು, ಅದೇ ಚುಕ್ಕೆ ಮೇಲೇರಿದರೆ ‘ಎ’ ಅಥವಾ ‘ಆ್ಯನ್’. ಹಾಳೆಯ ಮೇಲೆ ನೊಣ ಕೂತು ಎದ್ದುಹೋದರೆ ಪತ್ರದಲ್ಲಿ ಒಂದು ‘ದಿ’ ಹೆಚ್ಚಾದೀತು. ಇವನ್ನು ಅರ್ಥಮಾಡಿಕೊಳ್ಳಲು ಹೋಗಬೇಡಿ. ಮಗ್ಗಿ ಉರುಹೊಡೆದ ಹಾಗೆ ಉರುಹೊಡೆಯಿರಿ.

ಕನ್ನಡದಲ್ಲಿ ಬಳಸುವವರಿಗೆ ವಿಶೇಷ ಸೂಚನೆ

ಕನ್ನಡ ಶೀಘ್ರಲಿಪಿಗೂ ನಮ್ಮಲ್ಲಿ ಸರ್ಕಾರಿ ಪರೀಕ್ಷೆ ಇದೆ. ಕಚೇರಿಯ ಕನ್ನಡ ಶೀಘ್ರಲಿಪಿಗೆಂದೇ ಹುಟ್ಟಿದ್ದು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ’, ‘ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ’. ಇಂಥ ಮಾತುಗಳ ಪದಗಳನ್ನೆಲ್ಲ ಕೈಯೆತ್ತದೆ ಒಂದೇ ಎಳೆತಕ್ಕೆ ಕೂಡಿಸಿ ಬರೆಯುತ್ತಾರೆ. ಅಂಥ ಹತ್ತು ಎಳೆತ ಕಲಿತವರಿಗೆ ಅರ್ಧ ಪತ್ರ ಬಂದಂತೆಯೇ. ಮಿಕ್ಕರ್ಧಕ್ಕೆ ಸರ್ವೆ ನಂಬರು, ಹೋಬಳಿ, ತಾಲ್ಲೂಕು ಇದ್ದರಾಯಿತು.

ಕಷ್ಟ ಇರುವುದು ಬೇರೆ ಕಡೆ. ಇಂಗ್ಲಿಷಿನ ಸಾಹೇಬರು ಆಗುತ್ತದೋ ಇಲ್ಲವೋ ಎಂಬುದನ್ನು ವಾಕ್ಯದ ಮೊದಲಿಗೇ ಹೇಳಿಬಿಡುತ್ತಾರೆ. ಕನ್ನಡದ ಸಾಹೇಬರು ಅರ್ಜಿದಾರರ ಹೆಸರು, ತಂದೆಯ ಹೆಸರು, ಸುತ್ತೋಲೆಯ ಸಂಖ್ಯೆ, ನಿಯಮ, ಉಪನಿಯಮ ಎಲ್ಲ ದಾಟಿ ‘ಮಂಜೂರು ಮಾಡಲು ಅವಕಾಶ’ ಎಂದು ನಿಲ್ಲಿಸಿ, ಕಾಫಿ ಗುಟುಕರಿಸಿ, ಆಮೇಲೆ ‘ಇರುವುದಿಲ್ಲ’ ಎನ್ನುತ್ತಾರೆ. ಆ ಗುಟುಕಿನ ಹೊತ್ತಿನಲ್ಲಿ ಊಹಿಸಿ ಬರೆಯಬೇಡಿ. ಎಷ್ಟೋ ಜನರ ಪಿಂಚಣಿ ಆ ಕೊನೆಯ ಪದದಲ್ಲಿ ನೇತಾಡುತ್ತಿರುತ್ತದೆ.

ವೇಗ

ಕೇಂದ್ರ ಸರ್ಕಾರದ ಸಿಬ್ಬಂದಿ ನೇಮಕಾತಿ ಆಯೋಗ ಸ್ಟೆನೋಗ್ರಾಫರ್ ‘ಡಿ’ ದರ್ಜೆಗೆ ನಿಮಿಷಕ್ಕೆ 80 ಪದ, ‘ಸಿ’ ದರ್ಜೆಗೆ 100 ಪದ ಕೇಳುತ್ತದೆ. ಡಿಕ್ಟೇಷನ್ 10 ನಿಮಿಷ. 1922ರಲ್ಲಿ ನ್ಯೂಯಾರ್ಕಿನ ನೇಥನ್ ಬೆಹ್ರಿನ್ ಎಂಬಾತ ಪಿಟ್‌ಮನ್ ಪದ್ಧತಿಯಲ್ಲಿ ಎರಡು ನಿಮಿಷದ ಪರೀಕ್ಷೆಯಲ್ಲಿ ನಿಮಿಷಕ್ಕೆ 350 ಪದ ಬರೆದು ತೋರಿಸಿದ. ಅಷ್ಟು ವೇಗವಾಗಿ ಮಾತಾಡುವವರು ಅವನಿಗೆ ಎಲ್ಲಿ ಸಿಕ್ಕರೋ, ನಮ್ಮ ಬಸ್ ಸ್ಟ್ಯಾಂಡಿನ ಕಂಡಕ್ಟರುಗಳನ್ನು ಆತ ಕೇಳಿರಲಾರ.

ಮೂರನೆಯ ಹಂತ: ಓದುವುದು

ಈ ಕೈಪಿಡಿಯ ಮುಖ್ಯ ಭಾಗ ಇದು. ಶಾರ್ಟ್‌ಹ್ಯಾಂಡ್ ಬರೆಯುವ ವಿದ್ಯೆ ಎಂದು ಜನ ತಿಳಿದಿದ್ದಾರೆ. ಬರೆಯಲು ಆರು ತಿಂಗಳು ಪಟ್ಟು ಹಿಡಿದು ಕೂತವರಿಗೆಲ್ಲ ಬರುತ್ತದೆ. ಬರೆದದ್ದನ್ನು ಮಧ್ಯಾಹ್ನದ ಊಟವಾದ ಮೇಲೆ ಓದಲು ಬರುವುದೇ ಸಂಬಳ ತರುವ ವಿದ್ಯೆ. ಆಯೋಗವೂ ಇದನ್ನು ಬಲ್ಲದು: ‘ಡಿ’ ದರ್ಜೆಯಲ್ಲಿ 10 ನಿಮಿಷ ಬರೆದದ್ದನ್ನು ಇಂಗ್ಲಿಷಿನಲ್ಲಿ ಬಿಡಿಸಿ ಟೈಪ್ ಮಾಡಲು 50 ನಿಮಿಷ ಕೊಡುತ್ತದೆ.

ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಲಂಡನ್ನಿನ ಅಧಿಕಾರಿ 1660ರಿಂದ 1669ರವರೆಗೆ ತನ್ನ ದಿನಚರಿಯನ್ನು ಶೆಲ್ಟನ್ ಎಂಬಾತನ ಶಾರ್ಟ್‌ಹ್ಯಾಂಡಿನಲ್ಲಿ ಬರೆದಿಟ್ಟ. ಸತ್ತು ನೂರಕ್ಕೂ ಹೆಚ್ಚು ವರ್ಷವಾದ ಮೇಲೆ, 1819ರಲ್ಲಿ, ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿ ಅದನ್ನು ಬಿಡಿಸಲು ಕೂತ. ಸುಮಾರು ಮೂರು ವರ್ಷ ಹಿಡಿಯಿತು. ಶೆಲ್ಟನ್ನನ ಕೈಪಿಡಿ ಆ ದಿನಚರಿ ಇದ್ದ ಗ್ರಂಥಾಲಯದಲ್ಲೇ, ಪೀಪ್ಸನ ಪುಸ್ತಕಗಳ ನಡುವೆಯೇ ಇತ್ತು. ಆ ಹುಡುಗನಿಗೆ ಅದು ತಿಳಿಯಲಿಲ್ಲ. ಕೈಪಿಡಿ ಓದದೆ ಸಾಧನ ಬಳಸಬೇಡಿ ಎಂದು ಮೊದಲ ಪ್ಯಾರಾದಲ್ಲಿ ಹೇಳಿದ್ದು ಸುಮ್ಮನೆ ಅಲ್ಲ.

ಓದುವ ಪರೀಕ್ಷೆ ಯಾವಾಗ ಬರುತ್ತದೆಂದು ಹೇಳಲಾಗದು. ಸಾಹೇಬರು ಕಿಟಕಿಯ ಕಡೆ ಮುಖಮಾಡಿ ಹೇಳುತ್ತಿರುತ್ತಾರೆ, ನೀವು ಬೆನ್ನಿನಿಂದ ಬರುವ ದನಿ ಹಿಡಿದು ಬರೆಯುತ್ತಿರುತ್ತೀರಿ. ಫೋನು ಬರುತ್ತದೆ. ಐದು ನಿಮಿಷ ‘ಹೌದು ಸಾರ್, ಖಂಡಿತ ಸಾರ್’ ಆಗುತ್ತದೆ. ಫೋನಿಟ್ಟು ಕೇಳುತ್ತಾರೆ:

“ಎಲ್ಲಿದ್ವಪ್ಪಾ? ಕೊನೇದು ಓದು.”

“‘ತಮ್ಮ ಕಚೇರಿಯ ಘೋರ ನಿರ್ಲಕ್ಷ್ಯದಿಂದಾಗಿ’ ಅಂತ ಹೇಳಿದ್ರಿ ಸಾರ್.”

“ಘೋರ ತೆಗಿ. ನಿರ್ಲಕ್ಷ್ಯನೂ ಬೇಡ. ‘ಕಾರಣಾಂತರಗಳಿಂದ’ ಅಂತ ಮಾಡು.”

ಫೋನು ಯಾವ ಕಚೇರಿಯಿಂದ ಬಂದಿತ್ತು ಎಂದು ನೀವು ಕೇಳಬಾರದು, ಕೇಳುವ ಅಗತ್ಯವೂ ಇಲ್ಲ. ಹೊಡೆದು ಹಾಕಿದ ಪದ ನಿಮ್ಮ ನೋಟ್‌ಬುಕ್ಕಿನಲ್ಲಿ ಇದ್ದೇ ಇರುತ್ತದೆ, ಪತ್ರದಲ್ಲಿ ಇರುವುದಿಲ್ಲ.

ಪ್ರಯೋಜನಗಳು

ಮೊದಲನೆಯದು ಅನ್ನ. ಕರಾವಳಿಯಿಂದ ಮುಂಬಯಿಗೆ ಹೋದ ಎಷ್ಟೋ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಟೈಪಿಂಗ್-ಶಾರ್ಟ್‌ಹ್ಯಾಂಡ್ ಹಿಡಿದು ಕಂಪನಿಗಳ ಕುರ್ಚಿ ಹತ್ತಿದರು.

ಎರಡನೆಯದು ಕಾನೂನಿನ ಮರ್ಯಾದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 353ನೆಯ ಕಲಂ ಶೀಘ್ರಲಿಪಿಯ ಹೆಸರನ್ನೇ ಹೇಳಿತ್ತು: ನ್ಯಾಯಾಧೀಶರು ತೆರೆದ ನ್ಯಾಯಾಲಯದಲ್ಲಿ ತೀರ್ಪನ್ನು ಬಾಯಿಂದ ಹೇಳಿದರೆ ಅದನ್ನು ಶೀಘ್ರಲಿಪಿಯಲ್ಲಿ ಬರೆಸಿ, ಪ್ರತಿ ಸಿದ್ಧವಾದ ಕೂಡಲೆ ಪುಟಪುಟಕ್ಕೂ ಸಹಿ ಹಾಕಬೇಕು. ಅಲ್ಲಿ ಕೂತವರು ‘ಪ್ರಾಸಿಕ್ಯೂಟ್’ ಹಾಗೂ ‘ಪರ್ಸಿಕ್ಯೂಟ್’ ಎರಡಕ್ಕೂ ಬೇರೆ ಬೇರೆ ಆಕಾರ ಬಳಸುತ್ತಾರೆ. ಆರೋಪಿಗೆ ಎರಡೂ ಒಂದೇ ಎನಿಸಬಹುದು. ಸ್ಟೆನೋಗೆ ಹಾಗೆ ಎನಿಸಬಾರದು.

ಮೂರನೆಯದು ಸ್ವಲ್ಪ ನಿಂತು ಹೇಳಬೇಕಾದದ್ದು. 1895ರ ಕೊನೆಗೆ ನ್ಯೂಯಾರ್ಕಿನಲ್ಲಿ ವಿವೇಕಾನಂದರ ಉಪನ್ಯಾಸಗಳನ್ನು ಬರೆದುಕೊಳ್ಳಲು ಶಿಷ್ಯರು ಒಬ್ಬ ಸ್ಟೆನೋನನ್ನು ಹುಡುಕಿದರು. ಸ್ವಾಮೀಜಿ ಭಾಷಣ ಬರೆದಿಟ್ಟುಕೊಂಡು ಓದುವವರಲ್ಲ. ಸಿಕ್ಕವನು ಜೆ. ಜೆ. ಗುಡ್‌ವಿನ್, ಇಂಗ್ಲೆಂಡಿನವನು, ಪಿಟ್‌ಮನ್ ನೆಲೆನಿಂತ ಬಾತ್ ಊರಿನ ಪಕ್ಕದಲ್ಲೇ ಹುಟ್ಟಿದವನು. ಕೂಲಿಗೆ ಬಂದವನು ಕೆಲವೇ ದಿನಗಳಲ್ಲಿ ಕೂಲಿ ಬೇಡವೆಂದ. ಕರ್ಮಯೋಗ, ಜ್ಞಾನಯೋಗ ಎಂದು ಇವತ್ತು ನಾವು ಓದುವ ಪುಸ್ತಕಗಳು ಅವನ ಪೆನ್ಸಿಲಿನ ಮೂಲಕ ಬಂದವು. 1897ರಲ್ಲಿ ಸ್ವಾಮೀಜಿಯ ಜೊತೆ ಭಾರತಕ್ಕೂ ಬಂದ. 1898ರ ಜೂನ್ 2ರಂದು ಊಟಿಯಲ್ಲಿ ತೀರಿಕೊಂಡಾಗ ಅವನಿಗೆ ಇಪ್ಪತ್ತೆಂಟೂ ತುಂಬಿರಲಿಲ್ಲ. ಆ ಪುಸ್ತಕಗಳ ಮುಖಪುಟದಲ್ಲಿ ಅವನ ಹೆಸರು ಇರುವುದಿಲ್ಲ. ಈ ಸಾಧನ ಬಳಸುವವರು ಅದನ್ನು ನಿರೀಕ್ಷಿಸಲೂಬಾರದು.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಮಾಡಿ. ಒಂದು ಗಂಟೆಯ ಸಭೆಯನ್ನು ಮತ್ತೆ ಒಂದು ಗಂಟೆ ಕೇಳಿ. ಕೆಮ್ಮು, ಕುರ್ಚಿ ಎಳೆದ ಸದ್ದು, ಹೊರಗೆ ರಿವರ್ಸ್ ತೆಗೆದುಕೊಳ್ಳುವ ಲಾರಿ ಎಲ್ಲ ಸಿಗುತ್ತದೆ. ಆದರೆ ಅಧ್ಯಕ್ಷರು ನಡುವೆ ದನಿ ತಗ್ಗಿಸಿ “ಇದನ್ನ ಬರ್ಕೋಬೇಡಿ” ಎಂದಾಗ ಮೊಬೈಲು ಅದನ್ನೂ ಬರೆದುಕೊಂಡಿರುತ್ತದೆ. ಸ್ಟೆನೋ ಪೆನ್ಸಿಲು ಎತ್ತುತ್ತಾರೆ, ಅಷ್ಟೇ.

ತೊಂದರೆ ಬಂದರೆ

ಎಲ್ಲ ಗೀಟುಗಳೂ ದಪ್ಪಗೆ ಬರುತ್ತಿದ್ದರೆ ಪೆನ್ಸಿಲನ್ನು ಬಡಗಿ ಉಳಿ ಹಿಡಿದ ಹಾಗೆ ಹಿಡಿದಿದ್ದೀರಿ, ಸಡಿಲಿಸಿ. ಒಂದು ಪದ ತಪ್ಪಿಹೋದರೆ ಅದರ ಹಿಂದೆ ಓಡಬೇಡಿ. ಜಾಗ ಬಿಟ್ಟು ಮುಂದೆ ಹೋಗಿ, ವಾಕ್ಯದ ಮುಂದಿನ ಭಾಗವೇ ಅದನ್ನು ಹೇಳಿಕೊಡುತ್ತದೆ. ಎರಡು ವಾಕ್ಯ ತಪ್ಪಿದರೆ ತಲೆಯೆತ್ತಿ ಸಾಹೇಬರ ಮುಖ ನೋಡಿ. ಸಾಮಾನ್ಯವಾಗಿ ಅವರೂ ಎಲ್ಲಿದ್ದೇವೆಂದು ಮರೆತಿರುತ್ತಾರೆ. ಮದುವೆಯ ಊಟದಲ್ಲಿ ಪಕ್ಕದವರ ಮಾತಿಗೆ ಬೆರಳು ತಾನಾಗಿ ಬಾಳೆಲೆಯ ಮೇಲೆ ಗೀಟೆಳೆಯತೊಡಗಿದರೆ ಅದು ದೋಷವಲ್ಲ, ಸಾಧನ ಸರಿಯಾಗಿ ಕೂತಿದೆ ಎಂದರ್ಥ.

ವಿಲೇವಾರಿ

ಟೈಪಾದ ಭಾಗದ ಮೇಲೆ ಉದ್ದಕ್ಕೊಂದು ಗೀಟು ಎಳೆಯಿರಿ. ಪತ್ರಕ್ಕೆ ಸಹಿ ಬೀಳುವವರೆಗೆ ನೋಟ್‌ಬುಕ್ ಎಸೆಯಬೇಡಿ. ಆಮೇಲೆ ರದ್ದಿಗೆ ಹಾಕಿದರೂ ಕಚೇರಿಯ ಗುಟ್ಟು ಭದ್ರ. ಕಡಲೆಕಾಯಿ ಪೊಟ್ಟಣ ಕಟ್ಟುವವರಿಗೂ ಬಿಚ್ಚುವವರಿಗೂ ಅದು ಕೋಳಿ ಕೆದಕಿದ ಹಾಗೆಯೇ ಕಾಣುತ್ತದೆ. ಪೊಟ್ಟಣ ಯಾರಾದರೂ ನಿವೃತ್ತ ಸ್ಟೆನೋ ಕೈಗೆ ಸಿಕ್ಕಿದರೆ ಮಾತ್ರ ಅಪಾಯ. ಅವರು ಗುಟ್ಟನ್ನು ಗಮನಿಸುವುದಿಲ್ಲ. ಕಡಲೆಕಾಯಿ ಜೇಬಿಗೆ ಸುರಿದುಕೊಂಡು, ಕನ್ನಡಕ ಮೇಲೆತ್ತಿ, ‘ಷನ್’ ಕೊಕ್ಕೆಯನ್ನು ತಪ್ಪು ಕಡೆ ಹಾಕಿದ್ದಾನೆ ನೋಡು ಎಂದು ಕಡಲೆಕಾಯಿ ಮಾರುವವನಿಗೆ ತೋರಿಸುತ್ತಾರೆ.