ಶಕ್ತಿಮಾನ್ ಸಂಚಿಕೆಯ ಮೂರು ಪಾಠಗಳು: ರೋಣ, ನರಗುಂದ, ಗಜೇಂದ್ರಗಡ ಪ್ರತಿಗಳ ತೌಲನಿಕ ಶೋಧ

‘ಶಕ್ತಿಮಾನ್’ ಧಾರಾವಾಹಿಯ ಒಂದು ಸಂಚಿಕೆಯನ್ನು ಕುರಿತ ಈ ಶೋಧಕ್ಕೆ ಆಕರಗಳು ಮೂರು: ರೋಣದ ಪ್ರತಿ (ಇನ್ನು ಮುಂದೆ ‘ರೋ’), ನರಗುಂದದ ಪ್ರತಿ (‘ನ’), ಗಜೇಂದ್ರಗಡದ ಪ್ರತಿ (‘ಗ’). ಮೂರೂ ಮೌಖಿಕ, ಮೂರೂ ತ್ರುಟಿತ. ಸಂಚಿಕೆಯ ಸಂಖ್ಯೆ ಇಂಥದ್ದೇ ಎಂದು ನಿರ್ಧರಿಸಲು ಬಾರದು. ಅದು ಪರದೆಯ ಮೇಲೆ ಮೂಡುವ ಹೊತ್ತಿಗೆ ಮೂರೂ ಊರುಗಳಲ್ಲಿ ಒಬ್ಬ ಹುಡುಗ ಮಾಳಿಗೆಯ ಮೇಲೆ ಆಂಟೆನಾ ತಿರುವುತ್ತಿದ್ದ, ಕೆಳಗಿದ್ದವರು “ಬಂತು, ಬಂತು... ಹೋತಲೇ!” ಎಂದು ಒದರುತ್ತಿದ್ದರು. 1787ರಲ್ಲಿ ಮರಾಠರಿಗೂ ಟೀಪೂಗೂ ಒಪ್ಪಂದವಾದ ಗಜೇಂದ್ರಗಡದಲ್ಲಿ ಕೂಡ ಆಂಟೆನಾದ ದಿಕ್ಕಿನ ಬಗ್ಗೆ ಒಪ್ಪಂದ ಆಗಲಿಲ್ಲವೆಂಬುದನ್ನು ಇತಿಹಾಸಕಾರರು ಗಮನಿಸಬೇಕು.

ಮೊದಲು ಕಾಲನಿರ್ಣಯ. ಈ ಮೂರೂ ಊರುಗಳಿರುವ ಗದಗ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದು 1997ರ ಆಗಸ್ಟಿನಲ್ಲಿ. ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 13ರಂದು. ಇದನ್ನು ಕಾಕತಾಳೀಯ ಎನ್ನುವವರಿಗೆ ಸಂಶೋಧನೆಯ ಶಿಸ್ತಿಲ್ಲ. ಹೊಸ ಜಿಲ್ಲೆಗೆ ಡಿಸಿ ಬಂದರು, ಎಸ್ಪಿ ಬಂದರು, ಬೆನ್ನಿಗೇ ಇವನೂ ಬಂದ ಎಂದು ‘ರೋ’ ಪರಂಪರೆ ಸ್ಪಷ್ಟವಾಗಿ ಹೇಳುತ್ತದೆ. ಸೂಡಿಯ ಶಾಸನಗಳಲ್ಲಿ ಶಕ್ತಿಮಾನನ ಉಲ್ಲೇಖವಿಲ್ಲವಲ್ಲ ಎಂಬ ಆಕ್ಷೇಪ ಇದೆ. ಗುರುತು ಮರೆಸಿಕೊಂಡು ಬದುಕುವುದರಲ್ಲಿ ಅವನು ಎಷ್ಟು ನಿಪುಣ ಎಂಬುದಕ್ಕೆ ಅದೇ ಪುರಾವೆ.

ಇನ್ನು ಲೋಪಗಳು. ಗ್ರಂಥಸಂಪಾದನೆಯ ಶಾಸ್ತ್ರವನ್ನು ಕನ್ನಡಕ್ಕೆ ಕಟ್ಟಿಕೊಟ್ಟ ಡಿ.ಎಲ್. ನರಸಿಂಹಾಚಾರ್ಯರು ಓಲೆಗರಿಯ ಗೆದ್ದಲನ್ನು ಬಲ್ಲರು, ಲಿಪಿಕಾರನ ತೂಕಡಿಕೆಯನ್ನು ಬಲ್ಲರು. ಲೈನ್‌ಮನ್ನನ್ನು ಬಲ್ಲವರಲ್ಲ. ನಮ್ಮ ಮೂರು ಪ್ರತಿಗಳನ್ನೂ ತಿಂದದ್ದು ಕರೆಂಟು. ‘ರೋ’ದಲ್ಲಿ ಆರಂಭ ಇಲ್ಲ, ‘ನ’ದಲ್ಲಿ ನಡುಭಾಗ ಇಲ್ಲ, ‘ಗ’ದಲ್ಲಿ ಕಾಳಗವೇ ಇಲ್ಲ. ಪಾರ್ಲೆ-ಜಿ ಬಿಸ್ಕತ್ತಿನ ಜಾಹೀರಾತು ಮಾತ್ರ ಮೂರರಲ್ಲೂ ಅಖಂಡವಾಗಿ ಉಳಿದಿದೆ. ಆದ್ದರಿಂದ ಅದೇ ಮೂಲಪಾಠ, ಶಕ್ತಿಮಾನ್ ಆಮೇಲೆ ಸೇರಿದ ಪ್ರಕ್ಷೇಪ ಎಂಬ ಒಂದು ವಾದವೂ ಇದೆ. ಬಿಸ್ಕತ್ತಿನ ಅಂಗಡಿಯವರು ಹೂಡಿದ ವಾದವಾದ್ದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ಅತ್ಯಂತ ಬೆಲೆಯುಳ್ಳ ಲೋಪ ಮೂರೂ ಪ್ರತಿಗಳಲ್ಲಿ ಒಂದೇ ಜಾಗದಲ್ಲಿದೆ. ಖಳನಾಯಕ ತಮರಾಜ ಕಿಲ್ವಿಷ್ ಕೈ ಎತ್ತಿ ಕತ್ತಲೆ ಕಾಯಂ ಇರಲಿ ಎಂದು ಘೋಷಿಸುತ್ತಾನೆ. ತಕ್ಷಣ ಕತ್ತಲೆ. ಟೀವಿಯಲ್ಲೂ ಕತ್ತಲೆ, ಪಡಸಾಲೆಯಲ್ಲೂ ಕತ್ತಲೆ, ಗಿರಣಿಯೂ ಬಂದ್. ಮಾತಿಗೂ ಕೃತಿಗೂ ಇಷ್ಟು ಕಡಿಮೆ ಅಂತರವಿದ್ದ ಪಾತ್ರವನ್ನು ಭಾರತೀಯ ನಾಟಕ ಪರಂಪರೆ ಕಂಡದ್ದಿಲ್ಲ. ವಿಜ್ಞಾನಿ ಡಾಕ್ಟರ್ ಜೈಕಾಲ್ ಕಣ್ಣರಳಿಸಿ “ಪವರ್!” ಎಂದು ಕೂಗುವುದನ್ನು ಬೇರೆ ಕಡೆಯ ಪ್ರೇಕ್ಷಕರು ದುರಾಸೆಯೆಂದು ತಿಳಿದರು. ರೋಣದಲ್ಲಿ ಅದನ್ನು ಗ್ರಾಹಕನ ಅಹವಾಲು ಎಂದೇ ಓದಿಕೊಂಡರು. ಆ ಊರಲ್ಲಿ ಇವತ್ತಿಗೂ ಜೈಕಾಲನ ಬಗ್ಗೆ ಒಂದು ಮೃದುಭಾವ ಇದೆ.

ಧಾರಾವಾಹಿ ಹಿಂದಿಯದ್ದು. ಕೂತವರಲ್ಲಿ ಹಿಂದಿ ಬಲ್ಲವರು ಊರಿಗೊಬ್ಬರು. ದೊಡ್ಡಾಟದ ಸಾರಥಿ ವೇಷ ಬಂದ ಕೂಡಲೇ “ತಾವು ದಾರು?” ಎಂದು ಕೇಳಿ ಸಭೆಗೆ ಪರಿಚಯ ಮಾಡಿಸುತ್ತಾನಲ್ಲ, ಆ ಕೆಲಸ ಇವರದು. ‘ರೋ’ದ ಸಾರಥಿ ಮಿಲಿಟರಿಯಿಂದ ನಿವೃತ್ತರಾದ ಸುಬೇದಾರರು, ‘ನ’ದವನು ಹತ್ತಿ ಅಂಡಿಗೆ ಹೇರಿಕೊಂಡು ಇಂದೋರಿನ ತನಕ ಹೋಗಿಬರುವ ಲಾರಿ ಡ್ರೈವರ್, ‘ಗ’ದವರು ಪಟ್ಟೇದಂಚಿನ ಸೀರೆ ಹೊತ್ತು ಊರೂರು ತಿರುಗಿದ ನೇಕಾರರು. ಪಾಠಾಂತರಗಳ ಗುಟ್ಟು ಇಲ್ಲಿದೆ. ಕಿಲ್ವಿಷ್ ಜೈಕಾಲನಿಗೆ ಏನೋ ಹೇಳಿದಾಗ ಸುಬೇದಾರರು, “ರಜೆ ಇಲ್ಲ ಅಂತ ಹೇಳಾಕತ್ತಾನ” ಎಂದರು. ಡ್ರೈವರ್, “ಓವರ್‌ಲೋಡ್ ಐತಿ, ಪಾವತಿ ತೋರ್ಸು ಅಂದಾ” ಎಂದ. ನೇಕಾರರು ನಿಟ್ಟುಸಿರು ಬಿಟ್ಟು, “ಹಳೇ ಬಾಕಿ ಕೊಡೂಮಟಾ ಹೊಸಾ ನೂಲು ಇಲ್ಲಂತ್ರೀ” ಎಂದರು. ನಾನು ಮೂಲ ಹಿಂದಿಯನ್ನು ಕೇಳಿ ನೋಡಿದ್ದೇನೆ. ಮೂರೂ ಅನುವಾದಗಳು ಮೂಲಕ್ಕಿಂತ ಒಳ್ಳೆಯವು.

ಇದು ವಿಜ್ಞಾನ ಕಥೆಯೋ ಪುರಾಣವೋ ಎಂಬ ಚರ್ಚೆಯಲ್ಲಿ ಮೂರು ಪಂಥಗಳಿವೆ. ದ್ರೋಣಾಚಾರ್ಯರ ಊರೆಂಬ ಪ್ರತೀತಿಯುಳ್ಳ ರೋಣ, ನಾಯಕನನ್ನು ತಯಾರಿಸಿದ ಏಳು ಗುರುಗಳ ಪಟ್ಟಿಗೆ ಎಂಟನೆಯವರನ್ನು ಸೇರಿಸಲು ಹಟ ಹಿಡಿದಿದೆ. ಹೆಬ್ಬೆರಳು ಕೇಳದ ಗುರು ಗುರುವೇ ಅಲ್ಲ ಎಂಬುದು ಅವರ ನಿಲುವು. ಗಜೇಂದ್ರಗಡಕ್ಕೆ ಇದರಲ್ಲಿ ಅಚ್ಚರಿಪಡುವಂಥದ್ದು ಏನೂ ಕಾಣಲಿಲ್ಲ. ಯುಗಾದಿಯ ಮುನ್ನಾದಿನ ಕಾಲಕಾಲೇಶ್ವರನ ಗುಡಿಯ ನಗಾರಿ ತಾನೇ ಬಾರಿಸುತ್ತದೆಂದು ನಂಬಿದ ಊರಿಗೆ ಮನುಷ್ಯ ಹಾರುವುದು ಯಾವ ದೊಡ್ಡ ಸುದ್ದಿ? ನರಗುಂದ ಪಂಥ ಮಾತ್ರ ಗಂಭೀರ. ಮಲಪ್ರಭಾ ಕಾಲುವೆಯ ಕರದ ವಿರುದ್ಧ 1980ರಲ್ಲಿ ಎದ್ದು ನಿಂತ ಊರದು. ಪಂಚಭೂತಗಳೂ ಇವನ ವಶ ಎಂದಾಗ ಅಲ್ಲಿನ ರೈತರು ಕೇಳಿದ್ದು ಒಂದೇ: “ಜಲಾನೂ ಅದರಾಗ ಬಂತಲ್ರೀ, ಹಂಗಾರ ಮಹಾದಾಯಿ?” ಶಕ್ತಿಮಾನ್ ಉತ್ತರ ಕೊಡದೆ 2005ರ ಮಾರ್ಚಿನಲ್ಲಿ ಮುಗಿದುಹೋದ. ನ್ಯಾಯಮಂಡಳಿ 2018ರಲ್ಲಿ 13.42 ಟಿಎಂಸಿ ಅಡಿ ಎಂದು ಹೇಳಿತು. ಕಾಯುವುದರಲ್ಲಿ ವಿಜ್ಞಾನ ಕಥೆಯನ್ನು ಮೀರಿಸಿದ ತಾಲ್ಲೂಕು ಅದು.

ಕನ್ನಡಕ, ಉಬ್ಬುಹಲ್ಲು ಇಟ್ಟುಕೊಂಡರೆ ಶಕ್ತಿಮಾನನೇ ಗಂಗಾಧರ. ಪತ್ರಿಕೆಯ ಕಚೇರಿಯಲ್ಲಿ ಒಬ್ಬರಿಗೂ ಗುರುತು ಸಿಗುವುದಿಲ್ಲ. ಈ ಬಗ್ಗೆ ಹಗಲುವೇಷದ ಹಿರಿಯರೊಬ್ಬರ ಅಭಿಪ್ರಾಯ ಕಟುವಾಗಿದೆ: “ನಾವು ಮೈತುಂಬ ಬಣ್ಣಾ ಹಚ್ಚಿದ್ರೂ ಅಂಗಡ್ಯಾವ್ರು ಹೆಸರು ಹಿಡದು ಕರದು ಉದ್ರಿ ಕೇಳ್ತಾರ್ರಿ.” ಅದೇ ರೀತಿ, ವರದಿಗಾರ್ತಿ ಗೀತಾ ವಿಶ್ವಾಸಳಾಗಿ ಮೊದಲು ಕಿಟು ಗಿಡ್ವಾನಿ ಇದ್ದು ಆಮೇಲೆ ವೈಷ್ಣವಿ ಮಹಂತ್ ಬಂದದ್ದನ್ನು ‘ಗ’ ಪ್ರತಿ ಗಮನಿಸಿಯೇ ಇಲ್ಲ. ಕಪ್ಪುಬಿಳುಪು ಟೀವಿ, ಮೇಲಿಂದ ಮಳೆಹುಳದಂಥ ಚುಕ್ಕಿ. ಗಂಡೋ ಹೆಣ್ಣೋ ತಿಳಿದರೆ ಅದೇ ದೊಡ್ಡದು.

ಗಿರಕಿಯ ಪ್ರಶ್ನೆ ಉಳಿಯಿತು. ಒಂದು ಕೈ ಮೇಲೆತ್ತಿ ಗರಗರ ತಿರುಗಿ ನಾಯಕ ರೂಪ ಬದಲಿಸುತ್ತಾನೆ. ಮೂರೂ ಊರಿನ ಹುಡುಗರು ತಿರುಗಿ ಕಣಕಿಯ ಬಣವೆಗೆ ಬಿದ್ದರು, ರೂಪ ಬದಲಾಗಲಿಲ್ಲ. ಪ್ರಯೋಗವನ್ನು ಕೊನೆಗೆ ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಗಜೇಂದ್ರಗಡದ ಗುಡ್ಡಗಳ ಮೇಲೆ. ಅಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಜನ ‘ಫ್ಯಾನು’ ಎನ್ನುತ್ತಾರೆ. ಹಗಲೂ ರಾತ್ರಿ ತಿರುಗುತ್ತವೆ, ಕರೆಂಟು ಹುಟ್ಟುತ್ತದೆ, ತಂತಿ ಹಿಡಿದು ಎಲ್ಲಿಗೋ ಹೋಗುತ್ತದೆ. ಗುಡ್ಡದ ಬುಡದಲ್ಲಿ ಕಿಲ್ವಿಷನ ಆಳ್ವಿಕೆಗೆ ಭಂಗ ಬಂದಿಲ್ಲ. ಅಂದಹಾಗೆ, ಆಗ ಗಜೇಂದ್ರಗಡ ರೋಣ ತಾಲ್ಲೂಕಿಗೇ ಸೇರಿದ್ದರಿಂದ ‘ಗ’ ತಮ್ಮದರ ನಕಲು ಎಂದು ‘ರೋ’ದವರು ಸಾಧಿಸುತ್ತಿದ್ದರು. ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೇಲೆ ‘ಗ’ ಸ್ವತಂತ್ರ ಪಾಠವೆಂಬುದು ಸಿದ್ಧವಾಯಿತು. ತಹಶೀಲ್ದಾರರ ಕಚೇರಿಗಿಂತ ದೊಡ್ಡ ಪ್ರಮಾಣ ಇನ್ನೇನಿದೆ?

ಶುದ್ಧಪಾಠದ ಅವಕಾಶ ಸಿಕ್ಕಿದ್ದು 2020ರ ಲಾಕ್‌ಡೌನಿನಲ್ಲಿ, ದೂರದರ್ಶನ ಶಕ್ತಿಮಾನನ್ನು ಮತ್ತೆ ಬಿತ್ತರಿಸಿದಾಗ. ಸುಬೇದಾರರು ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ನೋಡಿದರು. ಬಣ್ಣದ ಟೀವಿ, ಚುಕ್ಕಿಯಿಲ್ಲದ ಚಿತ್ರ, ಮನೆಗೆ ಯುಪಿಎಸ್. ಕಿಲ್ವಿಷ್ ಕೈ ಎತ್ತಿದ, ಕತ್ತಲೆ ಕಾಯಂ ಇರಲಿ ಎಂದ. ಏನೂ ಆಗಲಿಲ್ಲ. ಅವನು ಇನ್ನೊಂದು ಸಲ ಹೇಳಿದ, ಫ್ಯಾನ್ ತಿರುಗುತ್ತಲೇ ಇತ್ತು. ಸುಬೇದಾರರು ರಿಮೋಟ್ ಕೆಳಗಿಟ್ಟರು.

“ಇದು ಡೂಪ್ಲಿಕೇಟ್ ಐತಿ,” ಎಂದರು, “ಚಾನೆಲ್ ಬದಲ್ಸಪಾ ತಮ್ಮಾ.”