ಸಪ್ತಾಪುರದ ಅಣ್ಣ

ಧಾರವಾಡದ ಸಪ್ತಾಪುರದಲ್ಲಿ ಬೆಳಿಗ್ಗೆ ಆರೂವರೆಗೆ ಯಾವುದಾದರೂ ಚಹಾದಂಗಡಿಯ ಮುಂದೆ ನಿಂತರೆ ಸಾಕು, ಅಣ್ಣ ಸಿಗುತ್ತಾನೆ. ಬಗಲಲ್ಲಿ ರಟ್ಟು ಹರಿದ ಲಕ್ಷ್ಮೀಕಾಂತ್ (ಸಂವಿಧಾನದ ಆ ದಪ್ಪ ಪುಸ್ತಕವನ್ನು ಇಲ್ಲಿ ಯಾರೂ ಬೇರೆ ಹೆಸರಿನಿಂದ ಕರೆಯುವುದಿಲ್ಲ), ಕೈಯಲ್ಲಿ ನಾಲ್ಕು ಮಡಿಕೆಯ ದಿನಪತ್ರಿಕೆ, ಸುತ್ತ ಹೊಸದಾಗಿ ಊರು ಬಿಟ್ಟು ಬಂದ ನಾಲ್ಕೈದು ಹುಡುಗರು. ಅಣ್ಣ ಹೇಳುತ್ತಾನೆ, ಹುಡುಗರು ಕೇಳುತ್ತಾರೆ. ಚಹಾದ ದುಡ್ಡು ಹುಡುಗರದು.

ಅವನ ಹೆಸರು ಯಾರಿಗೂ ಬೇಕಾಗಿಲ್ಲ. ವಿಜಯಪುರದ ಕಡೆಯವನೋ ಯಾದಗಿರಿ ಕಡೆಯವನೋ, ಬಿ.ಎ. ಮುಗಿಸಿ "ಎರಡ ವರ್ಷ ಅಷ್ಟ ನೋಡವ್ವಾ" ಎಂದು ತಾಯಿಗೆ ಹೇಳಿ ಬಸ್ಸು ಹತ್ತಿದ್ದ. ತಾಯಿ ಈಗಲೂ ಫೋನಿನಲ್ಲಿ ಅದನ್ನೇ ಕೇಳುತ್ತಾಳೆ, ಅವನೂ ಅದನ್ನೇ ಹೇಳುತ್ತಾನೆ. ಊರಿನಲ್ಲಿ ಯಾರಾದರೂ ಮಗ ಏನು ಮಾಡುತ್ತಾನೆ ಎಂದರೆ ಅಪ್ಪ "ಕೆಎಎಸ್ ಮಾಡಾಕತ್ತಾನ" ಎನ್ನುತ್ತಾನೆ. ಕೇಳಿದವರು ಅದನ್ನೊಂದು ನೌಕರಿ ಎಂದುಕೊಂಡು ಸುಮ್ಮನಾಗುತ್ತಾರೆ. ಒಂದೆರಡು ಸಂಬಂಧಗಳೂ ಆ ಭರವಸೆಯ ಮೇಲೆ ಬಂದು, ಆದೇಶದ ಪ್ರತಿ ತೋರಿಸಿ ಎಂದಾಗ ವಾಪಸು ಹೋಗಿವೆ.

ಊರೂ ಅವನಿಗೆ ತಕ್ಕದ್ದೇ. 1890ರಲ್ಲಿ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, ಬೇಂದ್ರೆಯವರು ಮೇಷ್ಟ್ರಾಗಿ ಪಾಠ ಹೇಳಿದ ಶಾಲೆ. ಧಾರವಾಡದ ಗಾಳಿಯಲ್ಲಿ ಮೊದಲಿನಿಂದಲೂ ಪಾಠವಿದೆ. ಈಗ ಅದೇ ಗಾಳಿ ಶ್ರೀನಗರ ಸರ್ಕಲ್‌ನಿಂದ ಸಪ್ತಾಪುರದವರೆಗೆ ಫ್ಲೆಕ್ಸುಗಳನ್ನು ಅಲುಗಾಡಿಸುತ್ತದೆ. ಪ್ರತಿ ಫ್ಲೆಕ್ಸಿನಲ್ಲೂ ಪಾಸಾದವರ ಪಾಸ್‌ಪೋರ್ಟ್ ಅಳತೆಯ ಮುಖಗಳು. ಒಬ್ಬನೇ ಹುಡುಗ ಮೂರು ಬೇರೆ ಬೇರೆ ಅಕಾಡೆಮಿಗಳ ಫ್ಲೆಕ್ಸಿನಲ್ಲಿ ನಗುತ್ತಿರುವುದೂ ಉಂಟು. ಇಲ್ಲಿಯ ಲೈಬ್ರರಿಗಳಲ್ಲಿ ಪುಸ್ತಕ ಇರುವುದಿಲ್ಲ, ಅದನ್ನು ನೀವೇ ತರಬೇಕು. ತಿಂಗಳ ಬಾಡಿಗೆಗೆ ಸಿಗುವುದು ಒಂದು ಪ್ಲೈವುಡ್ ಗೂಡು, ಕುರ್ಚಿ, ದೀಪ, ವೈಫೈ. ಅಣ್ಣನ ಗೂಡು ಕಿಟಕಿ ಪಕ್ಕದ್ದು. ಹಿರಿತನದಿಂದ ಬಂದದ್ದು.

ಅವನ ಉಪದೇಶಗಳನ್ನು ಕೇಳಿಯೇ ತಿಳಿಯಬೇಕು. "ತಮ್ಮಾ, ಹತ್ತ ಪುಸ್ತಕ ಒಂದೊಂದ ಸಲ ಓದಬ್ಯಾಡ, ಒಂದ ಪುಸ್ತಕ ಹತ್ತ ಸಲ ಓದು." ಅವನ ಕೋಣೆಯಲ್ಲಿ ಆ ಹತ್ತೂ ಪುಸ್ತಕಗಳಿವೆ, ಎಲ್ಲದರಲ್ಲೂ ಮೊದಲ ಎರಡು ಅಧ್ಯಾಯಗಳಿಗೆ ಹಳದಿ ಗೆರೆ ಬಿದ್ದಿದೆ. "ಮೊಬೈಲ್ ಮುಟ್ಟಬ್ಯಾಡ, ಅದು ನಿನ್ನ ಶತ್ರು." ಈ ಮಾತು ಟೆಲಿಗ್ರಾಂ ಗುಂಪಿನಲ್ಲಿ ಮಧ್ಯರಾತ್ರಿ ಧ್ವನಿ ಸಂದೇಶವಾಗಿ ಬರುತ್ತದೆ. ಟೈಮ್‌ಟೇಬಲ್ ಬರೆಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ನಾಲ್ಕು ಬಣ್ಣದ ಪೆನ್ನು, ಸ್ಕೇಲು, ಅರ್ಧ ದಿನ. ಸ್ನಾನಕ್ಕೆ ಹದಿನೈದು ನಿಮಿಷ, ಊಟಕ್ಕೆ ಇಪ್ಪತ್ತು, ಪ್ರಚಲಿತ ವಿದ್ಯಮಾನಕ್ಕೆ ತೊಂಬತ್ತು. ಜಾರಿ ಮಾತ್ರ ಯಾವಾಗಲೂ ಬರುವ ಸೋಮವಾರದಿಂದ.

ಸಂವಿಧಾನ ಅವನ ಮೈಗೆ ಹತ್ತಿಬಿಟ್ಟಿದೆ. ಮೆಸ್ಸಿನವಳು ರೊಟ್ಟಿ ಕಡಿಮೆ ಹಾಕಿದರೆ 14ನೇ ವಿಧಿ, ಪಕ್ಕದ ಕೋಣೆಯವರು ರಾತ್ರಿ ಹಾಡು ಹಚ್ಚಿದರೆ 21ನೇ ವಿಧಿ. ರೂಮಿನವರು ಪಾತ್ರೆ ತೊಳೆಯುವ ಸರದಿಗೆ ಜಗಳಾಡಿದರೆ 356 ಹೇರುವುದಾಗಿ ಬೆದರಿಕೆ. ಮನೆಯಿಂದ ದುಡ್ಡು ಬರದ ತಿಂಗಳು 360. ದೇಶದಲ್ಲಿ ಇಂದಿನವರೆಗೆ ಒಮ್ಮೆಯೂ ಘೋಷಣೆಯಾಗದ ಹಣಕಾಸು ತುರ್ತು ಪರಿಸ್ಥಿತಿ ಸಪ್ತಾಪುರದಲ್ಲಿ ಪ್ರತಿ ತಿಂಗಳು ಇಪ್ಪತ್ತರ ಸುಮಾರಿಗೆ ಜಾರಿಗೆ ಬರುತ್ತದೆ.

ಹಾಗೆಂದು ತಪ್ಪೆಲ್ಲ ಅವನದೇ ಎನ್ನುವಂತಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟರಲ್ಲಿ ಓಟದ ಪರೀಕ್ಷೆಗೆಂದು ಕರಗಿಸಿದ್ದ ಹೊಟ್ಟೆ ಮೆಸ್ಸಿನ ಅನ್ನಕ್ಕೆ ಮತ್ತೆ ಮರಳಿತ್ತು. ಆಮೇಲೆ 384 ಹುದ್ದೆಗಳ ಕೆಎಎಸ್ ಬಂತು. ದಿನಾಂಕ ಮುಂದೆ ಮುಂದೆ ಹೋಗಿ, ಕೊನೆಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆದರೆ, ಕನ್ನಡದ ಪ್ರಶ್ನೆಗಳು ಇಂಗ್ಲಿಷ್ ನೋಡದೆ ಅರ್ಥವಾಗದಂತಿದ್ದವು. ಗಲಾಟೆಯಾಯಿತು, ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ಅದರಲ್ಲೂ ಅನುವಾದದ ಎಡವಟ್ಟುಗಳು ಹೊರಬಿದ್ದವು. ಅಣ್ಣ ವರ್ಷಗಟ್ಟಲೆ ತಿದ್ದಿ ತೀಡಿದ ಐಚ್ಛಿಕ ವಿಷಯದ ನೋಟ್ಸಿನ ಕಥೆ ಇನ್ನೂ ದೊಡ್ಡದು: ಐಚ್ಛಿಕ ವಿಷಯವನ್ನೇ ಮುಖ್ಯ ಪರೀಕ್ಷೆಯಿಂದ ತೆಗೆದುಹಾಕಿದರು. ಆ ಕಟ್ಟು ಈಗ ಕಂಪ್ಯೂಟರ್ ಎತ್ತರಿಸಲು ಬಳಕೆಯಲ್ಲಿದೆ.

ಇಷ್ಟಾದರೂ ಅಣ್ಣ ಕೈಬಿಡುವವನಲ್ಲ. ಹುಡುಗರು ಧೈರ್ಯಗೆಟ್ಟಾಗ ಅವನ ಬತ್ತಳಿಕೆಯಿಂದ 2011ರ ಬ್ಯಾಚ್ ಹೊರಬರುತ್ತದೆ. ಆ ಸಾಲಿನ 362 ಮಂದಿಯ ಆಯ್ಕೆ ರದ್ದಾಗಿ, ನ್ಯಾಯಮಂಡಳಿ, ಹೈಕೋರ್ಟ್ ಎಲ್ಲ ಸುತ್ತಿ, ಕೊನೆಗೆ 2022ರಲ್ಲಿ ಶಾಸನಸಭೆ ಕಾನೂನು ಮಾಡಿ ಊರ್ಜಿತಗೊಳಿಸಿತು. "ಹನ್ನೊಂದ ವರ್ಷ! ನಿಂದಿನ್ನೂ ಎಷ್ಟಾತಪಾ?" ಹುಡುಗ ಮೂರು ಎನ್ನುತ್ತಾನೆ. "ಹಂಗಾದ್ರ ಇನ್ನೂ ಕೂಸು ನೀ." 2025ರಲ್ಲಿ ಖಾಲಿ ಹುದ್ದೆ ತುಂಬಿರಿ, ವಯೋಮಿತಿ ಸಡಿಲಿಸಿರಿ ಎಂದು ಸಾವಿರಾರು ಆಕಾಂಕ್ಷಿಗಳು ಧಾರವಾಡದ ಬೀದಿಗಿಳಿದಾಗ ಮನವಿ ಪತ್ರದ ಕರಡು ಯಾರದೆಂದು ಕೇಳಬೇಕಾಗಿಲ್ಲ. ಅದರಲ್ಲಿ 16ನೇ ವಿಧಿಯೂ ಇತ್ತು, 315ನೆಯದೂ ಇತ್ತು.

ಇಂಥವನು ಒಂದು ದಿನ ಮೇಷ್ಟ್ರಾದ. ಅಕಾಡೆಮಿಯೊಂದರಲ್ಲಿ ಪಾಠ ಮಾಡುವವರು ಬರಲಿಲ್ಲ, ಅಣ್ಣ ಎದ್ದು ನಿಂತ. ನಗೆಯಾಟಕ್ಕೆ ಕೂತವರು ನೋಟ್‌ಬುಕ್ ತೆಗೆದರು. ಅವನ ನೆಗೆಟಿವ್ ಅಂಕದ ಪಾಠವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ನಾಲ್ಕು ಆಯ್ಕೆ, ತಪ್ಪಿಗೆ ಕಾಲು ಭಾಗ ಕಡಿತ. "ಹದಿನಾರು ಪ್ರಶ್ನಿ ಕಣ್ಣ ಮುಚ್ಚಿ ಹೊಡದಿ ಅಂತ ತಿಳಿ. ನಸೀಬ ಸರಳ ಇದ್ರ ನಾಕು ಸರಿ, ಹನ್ನೆರಡು ತಪ್ಪು. ಹನ್ನೆರಡು ತಪ್ಪಿಗೆ ಮೂರು ಹ್ವಾದುವು. ಉಳಿದದ್ದೆಷ್ಟು? ಒಂದು! ಒಂದಕ್ಕ ಹದಿನಾರು ಸಲ ಎಲ್ಲಮ್ಮನ್ನ ನೆನೀತಿ ಏನು? ಈಗ ಎರಡ ತಪ್ಪು ಆಯ್ಕೆ ನಿನಗ ಗೊತ್ತದಾವ ಅನ್ನು. ಎಂಟು ಸರಿ, ಎಂಟು ತಪ್ಪು. ಎಂಟು ತಪ್ಪಿಗೆ ಎರಡು ಕಳಿ. ಆರು! ಒಂದಿದ್ದದ್ದು ಆರಾತು. ಪೂರಾ ಓದಾಕ ಆಗಲಿಲ್ಲ ಅಂದ್ರ ತಪ್ಪು ಗುರುತಿಸುವಷ್ಟರ ಓದು." ಗಣಿತವೆಂದರೆ ಬೆವರುತ್ತಿದ್ದ ಹುಡುಗಿಯರೂ ತಲೆಯಾಡಿಸಿದರು. ಅಕಾಡೆಮಿಯ ಮಾಲೀಕ ಮರುದಿನವೇ ಗಂಟೆಗಿಷ್ಟು ಎಂದು ಮಾತಾಡಿದ.

ಈ ಲೆಕ್ಕ ಇಷ್ಟು ಚೊಕ್ಕವಾಗಿ ಗೊತ್ತಿರುವವನು ತಾನೇಕೆ ದಾಟಲಿಲ್ಲ? ಪರೀಕ್ಷಾ ಕೋಣೆಯಲ್ಲಿ ಅವನ ಓದು ಅವನನ್ನೇ ಅಡ್ಡಗಟ್ಟುತ್ತದೆ. ಸಾಧಾರಣ ಓದಿದವನಿಗೆ ಒಂದು ಉತ್ತರ ಸರಿ ಕಾಣುತ್ತದೆ. ಅಣ್ಣನಿಗೆ ನಾಲ್ಕರಲ್ಲೂ ಒಂದಿಷ್ಟು ನ್ಯಾಯ ಕಾಣುತ್ತದೆ. ಮೂರನೆಯದು ಸರಿಯಾಗಬಹುದಿತ್ತು, ಆದರೆ ಸುಪ್ರೀಂ ಕೋರ್ಟಿನ ತೀರ್ಪೊಂದು ನೆನಪಾಗುತ್ತದೆ. ಪ್ರಶ್ನೆ ತೆಗೆದವರ ಜೊತೆ ಮನಸ್ಸಿನಲ್ಲೇ ವಾದಿಸುತ್ತ ಕೂತಾಗ ಗಂಟೆ ಹೊಡೆಯುತ್ತದೆ. ಹೊರಗೆ ಬಂದು ಕೀ ಉತ್ತರಗಳಿಗೆ ಆಕ್ಷೇಪಣೆ ಸಲ್ಲಿಸುತ್ತಾನೆ. ಕೆಲವು ಆಕ್ಷೇಪಣೆಗಳು ಅಂಗೀಕಾರವಾಗಿ ಅಂಕಗಳೂ ಬಂದಿವೆ, ಎಲ್ಲರಿಗೂ.

ಅವನ ಕೈಯಲ್ಲಿ ಪಾಠ ಕೇಳಿದವರು ಮಾತ್ರ ಒಬ್ಬೊಬ್ಬರಾಗಿ ದಾಟಿದ್ದಾರೆ. ಒಬ್ಬ ಪಿಡಿಒ, ಇಬ್ಬರು ಪೊಲೀಸು, 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ನೇಮಕಾತಿ ಬಂದಾಗ ಅದರಲ್ಲೊಬ್ಬಳು. ಪಾಸಾದವರು ಪೇಢೆಯ ಡಬ್ಬಿ ತಂದು ಕಾಲಿಗೆ ಬೀಳುತ್ತಾರೆ. ಪೇಢೆ ತಿನ್ನುತ್ತ ಅಣ್ಣ ಅವರಿಗೆ ಇಲಾಖಾ ಪರೀಕ್ಷೆಗೆ ಹೇಗೆ ಓದಬೇಕೆಂದು ಹೇಳುತ್ತಾನೆ.

ಕಳೆದ ಸನ್ಮಾನ ಸಮಾರಂಭದಲ್ಲಿ ಹೊಸ ಅಧಿಕಾರಿಯೊಬ್ಬ ಪೇಟ ತೊಟ್ಟು, ಹಾರ ಹಾಕಿಸಿಕೊಂಡು ಯಶಸ್ಸಿನ ಗುಟ್ಟು ಹೇಳುತ್ತಿದ್ದ. ಒಂದೇ ಪುಸ್ತಕ ಹತ್ತು ಸಲ, ಮೊಬೈಲ್ ಶತ್ರು, ಹದಿನಾರು ಪ್ರಶ್ನೆಯ ಲೆಕ್ಕ, ಎಲ್ಲವೂ ಬಂದವು. ಅಣ್ಣ ಮೂರನೆಯ ಸಾಲಿನಲ್ಲಿ ಕೂತು, ಶಿಷ್ಯನ ಪುನರಾವರ್ತನೆ ಪರೀಕ್ಷಿಸುವವನಂತೆ ತಲೆದೂಗುತ್ತಿದ್ದ. ಮಾತಿನ ಭರದಲ್ಲಿ ಅಧಿಕಾರಿ, ಪಂಚಾಯತ್ ರಾಜ್ಯದ 73ನೇ ತಿದ್ದುಪಡಿ 1992ರಲ್ಲಿ ಜಾರಿಗೆ ಬಂತು ಎಂದ.

"ಪಾಸಾದದ್ದು 92, ಜಾರಿ 93, ಏಪ್ರಿಲ್ 24!" ಮೂರನೆಯ ಸಾಲಿನಿಂದ ಧ್ವನಿ ಬಂತು.

ಸಭಾಂಗಣದ ಹುಡುಗ ಹುಡುಗಿಯರೆಲ್ಲ ಬಗ್ಗಿ ಬರೆದುಕೊಂಡರು. ವೇದಿಕೆಯ ಮೇಲಿದ್ದ ಅಧಿಕಾರಿಯೂ ಹಾರ ಸರಿಸಿ, ಜೇಬಿನಲ್ಲಿ ಪೆನ್ನು ತಡಕಾಡಿದ.